ಸ್ವಿಸ್ ಚಾಕುವಿಗೆ ಹೊಸ ಸ್ಕೇಲ್ ಕೂರಿಸಿದ್ದು: ನನ್ನ ಅನುಭವ

ಕೈಜಾರಿ ಬಿದ್ದು ನನ್ನ ವಿಕ್ಟೋರಿನಾಕ್ಸ್ ಚಾಕುವಿನ ಒಂದು ಬದಿಯ ಕೆಂಪು ಸ್ಕೇಲ್ (ಹಿಡಿಯ ಪ್ಲಾಸ್ಟಿಕ್ ಹೊದಿಕೆ) ಸೀಳಿತು. ಫೆವಿಕ್ವಿಕ್ ಎರಡೇ ದಿನ ತಡೆಯಿತು. ಆನ್‌ಲೈನ್‌ನಲ್ಲಿ 91 ಮಿ.ಮೀ. ಜೋಡಿ ತರಿಸಿದೆ, ತುದಿಯಲ್ಲಿ 7 ಮಿ.ಮೀ. ಹೊರಗೆ ಚಾಚಿತು! ಅರದಿಂದ ಉಜ್ಜಿದರೂ ಪ್ರಯೋಜನವಿಲ್ಲ, ರಿವೆಟ್‌ (ಚಾಕುವಿನ ಭಾಗಗಳನ್ನು ಹಿಡಿದಿಡುವ ಲೋಹದ ಮೊಳೆ) ಕೂರುವ ಒಳಗಿನ ಗುಳಿಗಳೇ ಬೇರೆ ಕಡೆ ಇರುತ್ತವೆ.

ಚಾಕು ಮಡಚಿ ಉದ್ದ ಅಳೆಯಿರಿ. ನನ್ನದು 84. ಬ್ಲೇಡ್ ತುಕ್ಕು ಹಿಡಿದ ಹಳೆಯ 84ರ ಚಾಕು ಗುಜರಿಯಲ್ಲಿ ಸಿಕ್ಕಿತು. ಬಿಡಿ ಸ್ಕೇಲ್‌ಗಿಂತ ಇದೇ ವಾಸಿ, ಸ್ಕೇಲ್ ಒಳಗಿನ ಹಲ್ಲುಕಡ್ಡಿ, ಚಿಮಟವೂ ಬರುತ್ತವೆ.

ಮೊದಲು ಎರಡೂ ಚಾಕುಗಳಿಂದ ಕಡ್ಡಿ, ಚಿಮಟ ತೆಗೆಯಿರಿ. ಹಳೆಯ ಎಟಿಎಂ ಕಾರ್ಡನ್ನು ಸ್ಕೇಲ್ ಕೆಳಗೆ, ರಿವೆಟ್ ಪಕ್ಕದಲ್ಲಿ ತೂರಿಸಿ, ನಿಧಾನ ಮೀಟಿ. ರಿವೆಟ್ ತಲೆಗೆ ಅಂಟಿದ ಗೋಂದನ್ನು ಉಗುರಿನಿಂದ ಕೆರೆಯಿರಿ. ಅಸಿಟೋನ್ ಬೇಡ, ಸ್ಕೇಲ್ ಕರಗುತ್ತೆ. ಗುಜರಿ ಚಾಕುವಿನಿಂದ ತೆಗೆದ ಸ್ಕೇಲನ್ನು ಬಿಸಿನೀರಲ್ಲಿ (ಕುದಿಯೋದಲ್ಲ) ಸ್ವಲ್ಪ ಹೊತ್ತು ಇಟ್ಟು, ಒರೆಸಿ, ನಿಮ್ಮ ಚಾಕುವಿನ ರಿವೆಟ್‌ಗಳ ಮೇಲೆ ಒಂದೊಂದಾಗಿ ಹೆಬ್ಬೆರಳಿಂದ ಒತ್ತಿ. ‘ಟಕ್’ ಅನ್ನಬೇಕು.