ಕ್ಲಾಂಡೈಕ್ ಕಥೆ ಕಟ್ಟುವವರಿಗೆ: ಗೂಟ, ಗರಗಸ, ತಕ್ಕಡಿ

ಚಿನ್ನದ ಗಣಿ ಅಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವುದು ಕೋಲಾರ. ಅಲ್ಲಿ ಕಂಪನಿ ಇತ್ತು, ಪಾಳಿ ಇತ್ತು, ಸಂಬಳ ಇತ್ತು. ಗಟ್ಟಿ ಬಂಡೆ ಕೊರೆಯುತ್ತ ಮೂರು ಕಿಲೋಮೀಟರ್ ಆಳಕ್ಕೆ ಇಳಿದಿದ್ದರು. ಆ ಚಿತ್ರವನ್ನೇ ಎತ್ತಿಕೊಂಡು ಹೋಗಿ ಕೆನಡಾದ ಯೂಕಾನ್ ಸೀಮೆಯ ಕ್ಲಾಂಡೈಕ್‌ನಲ್ಲಿ, 1890ರ ದಶಕದ ಕೊನೆಯ ಚಿನ್ನದ ನೂಕುನುಗ್ಗಲಿನೊಳಗೆ ಇಟ್ಟರೆ ಕಥೆ ಮೊದಲ ಪುಟದಲ್ಲೇ ಕೆಡುತ್ತದೆ. ಕ್ಲಾಂಡೈಕ್‌ನಲ್ಲಿ ಚಿನ್ನ ಇದ್ದದ್ದು ಹಳ್ಳದ ಜಲ್ಲಿಯಲ್ಲಿ. ನಮ್ಮ ಕಡೆ ಅದಕ್ಕೆ ಹೋಲಿಕೆ ಬೇಕೆಂದರೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರನ್ನು ನೆನೆಸಿಕೊಳ್ಳಿ. ಸಂಬಳ ಕೊಡುವ ಧಣಿ ಇಲ್ಲ; ಇಬ್ಬರು ಪಾಲುದಾರರು, ಒಂದು ಗುಡಿಸಲು, ಎಂಟು ತಿಂಗಳ ಚಳಿ. ದುರಾಸೆ, ಪ್ರೇಮ, ದ್ರೋಹ ಮೂರನ್ನೂ ಈ ಏರ್ಪಾಟಿನಿಂದಲೇ ಹುಟ್ಟಿಸಿ. ಮೀಸೆ ತಿರುವುವ ಖಳ ಬೇಕಾಗುವುದಿಲ್ಲ.

ಗೂಟದ ಕಾನೂನು

1896ರ ಆಗಸ್ಟ್‌ನಲ್ಲಿ ಜಾರ್ಜ್ ಕಾರ್ಮ್ಯಾಕ್, ಸ್ಕೂಕಮ್ ಜಿಮ್, ಡಾಸನ್ ಚಾರ್ಲಿ ಮೂವರಿಗೆ ರ‍್ಯಾಬಿಟ್ ಕ್ರೀಕ್‌ನಲ್ಲಿ ಚಿನ್ನ ಸಿಕ್ಕಿತು. ಆ ಹಳ್ಳಕ್ಕೆ ಆಮೇಲೆ ಬೊನಾಂಜಾ ಎಂಬ ಹೆಸರು ಬಂತು. ಕಾರ್ಮ್ಯಾಕ್ ಒಂದು ಸ್ಪ್ರೂಸ್ ಮರದ ಮೈಯನ್ನು ಕೊಡಲಿಯಿಂದ ಕೆತ್ತಿ ಸಪಾಟು ಮಾಡಿ, ಪೆನ್ಸಿಲ್‌ನಿಂದ ತನ್ನ ಹಕ್ಕು ಬರೆದ. ಆಗಿನ ಲೆಕ್ಕ ಹೀಗಿತ್ತು: ಒಬ್ಬನಿಗೆ ಹಳ್ಳದ ಉದ್ದಕ್ಕೆ 500 ಅಡಿ, ಮೊದಲು ಕಂಡವನಿಗೆ ಮಾತ್ರ ಎರಡು ಜಾಗ. ಗೂಟ ನೆಟ್ಟರೆ ಸಾಲದು, ಕಚೇರಿಗೆ ಹೋಗಿ ದಾಖಲು ಮಾಡಿಸಬೇಕು. ಕಾರ್ಮ್ಯಾಕ್ ಅದಕ್ಕಾಗಿ ಫಾರ್ಟಿಮೈಲ್ ಎಂಬ ಊರಿಗೆ ಹೋದ, ಹೋದವನೇ ಸುದ್ದಿ ಹರಡಿದ. ಗುಡ್ಡದ ಆಚೆ ಬದಿಯಲ್ಲೇ ಅಗೆಯುತ್ತಿದ್ದ ರಾಬರ್ಟ್ ಹೆಂಡರ್ಸನ್‌ಗೆ ಮಾತ್ರ ಹೇಳಿ ಕಳಿಸಲಿಲ್ಲ.

ಈ ಸೀಮೆಯ ಆಸೆ ಹುಟ್ಟಿಸಿದವನೇ ಹೆಂಡರ್ಸನ್. ಆದರೆ ಜಿಮ್ ಮತ್ತು ಚಾರ್ಲಿ ಅಲ್ಲಿನ ಮೂಲನಿವಾಸಿಗಳಾದ ಟ್ಯಾಗಿಶ್ ಜನರೆಂದು ಅವರನ್ನು ಕೀಳಾಗಿ ಮಾತಾಡಿ, ದುಡ್ಡಿಗೂ ತಂಬಾಕು ಕೊಡಲಿಲ್ಲ ಎಂಬುದು ಆಗಿನಿಂದ ಬಂದ ಮಾತು. ದ್ರೋಹ ಬರೆಯುವವರು ಇದನ್ನು ಬಿಡಿಸಿ ನೋಡಬೇಕು: ಇಲ್ಲಿ ಯಾರೂ ಯಾರ ಬೆನ್ನಿಗೂ ಚೂರಿ ಹಾಕಲಿಲ್ಲ. ಒಂದು ಚಿಟಿಕೆ ತಂಬಾಕು ಕೊಡಲಿಲ್ಲ. ಅದಕ್ಕೆ ಪ್ರತಿಯಾಗಿ ಒಂದು ಮಾತು ಹೇಳಿ ಕಳಿಸಲಿಲ್ಲ. ಹೆಂಡರ್ಸನ್‌ಗೆ ಗೊತ್ತಾಗುವ ಹೊತ್ತಿಗೆ ಬೊನಾಂಜಾ ಪೂರ್ತಿ ಬೇರೆಯವರ ಗೂಟಗಳಿಂದ ತುಂಬಿಹೋಗಿತ್ತು.

ದುರಾಸೆಗೆ ಅಳತೆಯ ಹಗ್ಗ ಸಾಕು. ಜನ ಅವಸರದಲ್ಲಿ ಹೆಜ್ಜೆ ಲೆಕ್ಕ ಹಾಕಿ ಗೂಟ ನೆಟ್ಟಿದ್ದರು. ಸರ್ಕಾರಿ ಸರ್ವೇಯರ್ ವಿಲಿಯಂ ಓಗಿಲ್ವಿ ಸರಪಳಿ ಹಿಡಿದು ಅಳೆದಾಗ ಕೆಲವರದ್ದು 500 ಅಡಿ ಮೀರಿತ್ತು. ಮಿಕ್ಕ ತುಂಡು ಯಾರು ಮೊದಲು ಗೂಟ ಹಾಕಿದರೆ ಅವರದು. ಓಗಿಲ್ವಿಯ ಸರಪಳಿ ಹಿಡಿಯುತ್ತಿದ್ದ ಡಿಕ್ ಲೋ ಅಂಥ 86 ಅಡಿಯ ತುಂಡೊಂದನ್ನು ಹಿಡಿದ. ಮಾರಲು ನೋಡಿದ, ಯಾರೂ ಕೊಳ್ಳಲಿಲ್ಲ. ಕೊನೆಗೆ ತಾನೇ ಅಗೆದಾಗ ಸುಮಾರು 5 ಲಕ್ಷ ಡಾಲರ್‌ನ ಚಿನ್ನ ಬಂತು. ನಿಮ್ಮ ಕಥೆಯಲ್ಲಿ ಜಗಳ ಬೇಕಾದಾಗ ಬಂದೂಕು ತರುವ ಬದಲು ಸರ್ವೇಯರ್‌ನನ್ನು ತನ್ನಿ. ಗಣಿಗಾರರ ಪೇಟೆಯಾಗಿ ಎದ್ದ ಡಾಸನ್ ಊರಿನಲ್ಲಿ ಪೊಲೀಸರು ಬಿಗಿಯಾಗಿದ್ದರು. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ತಿರುಗುವಂತಿರಲಿಲ್ಲ, ಭಾನುವಾರ ಕುಣಿತದ ಮನೆಗಳಿಗೂ ಬೀಗ. ಗುಂಡಿನ ಕಾಳಗವೇ ಬೇಕಿದ್ದರೆ ಗಡಿಯಾಚೆ ಅಲಾಸ್ಕಾದ ಸ್ಕ್ಯಾಗ್ವೇಗೆ ಹೋಗಿ.

ಗೆಳೆತನ ಮುರಿಯುವ ಜಾಗ

ಗಡಿಯಲ್ಲಿ ಪೊಲೀಸರು ಒಂದು ವರ್ಷದ ದಿನಸಿ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಸಲಕರಣೆಯೂ ಸೇರಿ ತಲೆಗೆ ಸುಮಾರು ಒಂದು ಟನ್. ಅಷ್ಟನ್ನೂ ಚಿಲ್ಕೂಟ್ ಕಣಿವೆಯ ಏರು ಹತ್ತಿಸಿ, ಅಲ್ಲಿಂದ ಡಾಸನ್‌ವರೆಗೆ ನೀರಿನಲ್ಲಿ ಸಾಗಲು ಬೆನೆಟ್ ಸರೋವರದ ದಡದಲ್ಲಿ ದೋಣಿ ಕಟ್ಟಬೇಕು. ಹಲಗೆ ಅಂಗಡಿಯಲ್ಲಿ ಸಿಗುವುದಿಲ್ಲ, ದಿಮ್ಮಿ ಕೊಯ್ಯಬೇಕು. ಈ ದೃಶ್ಯ ಬಿಡಬೇಡಿ.

ಆಳೆತ್ತರದ ಅಟ್ಟಣಿಗೆಯ ಮೇಲೆ ದಿಮ್ಮಿ. ಒಬ್ಬ ಮೇಲೆ, ಒಬ್ಬ ಕೆಳಗೆ, ನಡುವೆ ಉದ್ದನೆಯ ಗರಗಸ. ಹಲ್ಲು ಕಚ್ಚುವುದು ಕೆಳಗೆ ಎಳೆದಾಗ ಮಾತ್ರ. ಮೇಲಿನವನ ಕೆಲಸ ಎತ್ತುವುದು, ಗೆರೆ ತಪ್ಪದಂತೆ ನೋಡುವುದು. ಕೆಳಗಿನವನ ಕಣ್ಣಿಗೆ ಹೊಟ್ಟು ಸುರಿಯುತ್ತಲೇ ಇರುತ್ತದೆ, ಮೇಲಿನವನು ಬೇಕೆಂದೇ ಗೆರೆ ಬಿಡುತ್ತಿದ್ದಾನೆ ಅನ್ನಿಸುತ್ತದೆ. ಮೇಲಿನವನಿಗೆ, ಕೆಳಗಿನವನು ಗರಗಸಕ್ಕೆ ಜೋತುಬಿದ್ದಿದ್ದಾನೆ ಅನ್ನಿಸುತ್ತದೆ. ಇಬ್ಬರದೂ ತಪ್ಪಿಲ್ಲ, ಇಬ್ಬರಿಗೂ ಕೋಪ. ಹೀಗೆ ಮುರಿದುಕೊಂಡವರು ದೋಣಿಯನ್ನೇ ಎರಡಾಗಿ ಕೊಯ್ದು ಹಂಚಿಕೊಂಡದ್ದುಂಟು, ಹಿಟ್ಟಿನ ಮೂಟೆಯನ್ನು ಕೊಯ್ದದ್ದೂ ಉಂಟು. 1898ರ ಮೇ ಕೊನೆಯಲ್ಲಿ ಸರೋವರದ ಮಂಜುಗಡ್ಡೆ ಒಡೆದಾಗ 7 ಸಾವಿರಕ್ಕೂ ಹೆಚ್ಚು ದೋಣಿ ಹೊರಟವು. ಅಷ್ಟು ಹೊತ್ತಿಗೆ ನಿಮ್ಮ ಪಾತ್ರಗಳ ನಡುವೆ ಬಿರುಕು ಬಿದ್ದಿರಲಿ.

ಅಗೆಯುವುದು ಚಳಿಗಾಲದಲ್ಲಿ

ಹೊಸಬರು ಇಲ್ಲೇ ಎಡವುವುದು. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಬಾವಿ ತೋಡಿದರೆ ಬದಿ ಕರಗಿ ಕುಸಿಯುತ್ತದೆ, ನೀರು ತುಂಬುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಸಂಜೆ ಗುಂಡಿಯಲ್ಲಿ ಸೌದೆ ಉರಿಸಿ, ಬೆಳಿಗ್ಗೆ ಬೂದಿಯ ಜೊತೆ ಕರಗಿದ ಮಣ್ಣು ಎತ್ತುತ್ತಿದ್ದರು. ಒಂದು ಬೆಂಕಿಗೆ ಹೆಚ್ಚುಕಡಿಮೆ ಒಂದಡಿ. ಚಿನ್ನ ಕೂತಿರುವುದು ತಳದ ಬಂಡೆಯ ಮೇಲೆ, ಹಲವು ಕಡೆ 15–20 ಅಡಿ ಕೆಳಗೆ. ಬೆಳಿಗ್ಗೆ ಹೊಗೆ ಪೂರ್ತಿ ಹೋಗುವ ಮುಂಚೆ ಇಳಿದವನು ಉಸಿರುಗಟ್ಟಿ ಬೀಳುತ್ತಾನೆ. ಮೇಲೆ ರಾಟೆ ಹಿಡಿದವನು ಪಾಲುದಾರ. ಬೇರೆ ಆಯುಧ ಯಾಕೆ ಬೇಕು?

ಎತ್ತಿದ ಮಣ್ಣು ಗುಡ್ಡೆಯಾಗಿ ಬೀಳುತ್ತದೆ, ತೊಳೆಯಲು ನೀರು ಬರುವುದು ವಸಂತದಲ್ಲಿ. ಅಲ್ಲಿಯವರೆಗೆ ಗುಡ್ಡೆಯಲ್ಲಿ ಎಷ್ಟಿದೆಯೋ ಯಾರಿಗೂ ತಿಳಿಯದು. ಜಾಗ ಮಾರುವ ಮೋಸವೆಲ್ಲ ನಡೆಯುವುದು ಈ ಅವಧಿಯಲ್ಲಿ. ಆ ಸೀಮೆಯಲ್ಲಿ ಒಂದು ತಟ್ಟೆ ಮಣ್ಣಿಗೆ 10 ಸೆಂಟ್ ಚಿನ್ನ ಬಂದರೆ ಒಳ್ಳೆಯ ಜಾಗ ಅನ್ನುತ್ತಿದ್ದರು. ಬೊನಾಂಜಾದ ಮೊದಲ ತಟ್ಟೆಯಲ್ಲಿ ಕಾಲು ಔನ್ಸ್, ಅಂದರೆ 4 ಡಾಲರ್ ಬಂತಂತೆ. ಮಾರುವವನು ಉಗುರಿನ ಸಂದಿಯಲ್ಲೋ ಸಿಗರೇಟಿನ ಬೂದಿಯಲ್ಲೋ ಚಿನ್ನದ ಪುಡಿ ಇಟ್ಟುಕೊಂಡು ತಟ್ಟೆಗೆ ಉದುರಿಸುತ್ತಾನೆ. ಜಾಣ ಪಾತ್ರವಾದರೆ ತನ್ನದೇ ತಟ್ಟೆ ತರುತ್ತದೆ, ತಳದ ಬಂಡೆಯ ಮೇಲಿಂದ ನಾಲ್ಕಾರು ಕಡೆ ತಾನೇ ಮಣ್ಣು ಕೆರೆಯುತ್ತದೆ, ತೊಳೆಯುವಾಗ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಇನ್ನೊಂದು: ಹಂದಿ ಕೊಬ್ಬು ಹುರಿದ ತಟ್ಟೆಯಲ್ಲೇ ಚಿನ್ನ ತೊಳೆಯಬಾರದು. ಜಿಡ್ಡಿದ್ದರೆ ಸಣ್ಣ ಪುಡಿಯ ಚಿನ್ನ ನೀರಿನ ಮೇಲೆ ತೇಲಿ ಹೋಗುತ್ತದೆ. ತಟ್ಟೆಯನ್ನು ಮೊದಲು ಬೆಂಕಿಗೆ ಹಿಡಿದು ಜಿಡ್ಡು ಸುಡಬೇಕು.

ಸ್ವಂತ ಜಾಗವಿಲ್ಲದವರು ನಮ್ಮ ಕೋರು ಪಾಲಿನ ಹಾಗೆ ಅರ್ಧ ಪಾಲಿಗೆ ದುಡಿಯುತ್ತಿದ್ದರು. ವಸಂತದಲ್ಲಿ 12 ಅಡಿ ಉದ್ದದ ಮರದ ತೊಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ನೀರು ಬಿಡುತ್ತಾರೆ. ತೊಟ್ಟಿಗೆ 6ರಿಂದ 12 ಇಂಚು ಇಳಿಜಾರು: ಹೆಚ್ಚಾದರೆ ಚಿನ್ನ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಚಿನ್ನ ಹಿಡಿಯಲು ತಳಕ್ಕೆ ಬಡಿದ ಅಡ್ಡಪಟ್ಟಿಗಳ ಮಧ್ಯೆ ಜಲ್ಲಿ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲಿಸಿ ಪಟ್ಟಿ ಎತ್ತುವ ದಿನ ಒಡೆಯ, ಪಾಲಿನವ, ಸಾಲ ಕೊಟ್ಟವ ಎಲ್ಲರೂ ಹಾಜರು.

ತಕ್ಕಡಿ

ಡಾಸನ್‌ನಲ್ಲಿ ಚಿನ್ನದ ಪುಡಿಯೇ ನಾಣ್ಯ, ಔನ್ಸ್‌ಗೆ 16 ಡಾಲರ್. ನಮ್ಮ ತೊಲದ ಲೆಕ್ಕದಲ್ಲಿ ತೊಲಕ್ಕೆ 6 ಡಾಲರ್, ಅರ್ಧ ಡಾಲರ್‌ನ ಸಾಮಾನಿಗೆ ಒಂದು ಗ್ರಾಂ. ಶುದ್ಧ ಚಿನ್ನದ ಬೆಲೆ ಔನ್ಸ್‌ಗೆ 20.67 ಡಾಲರ್ ಇತ್ತು. ಪುಡಿಗೆ ಹಿತ್ತಾಳೆಯ ಅರಪುಡಿ ಬೆರೆಸುವವರಿದ್ದರು. ನೈಟ್ರಿಕ್ ಆಮ್ಲ ಬಿಟ್ಟರೆ ಹಿತ್ತಾಳೆ ಹಸಿರಾಗಿ ನೊರೆಯುತ್ತದೆ, ಚಿನ್ನ ಸುಮ್ಮನಿರುತ್ತದೆ. ಚೀಲ ಹಿಡಿದವನು ಕುಡಿದಿದ್ದಾಗ ತೂಗುವವನ ಬೆರಳು ಒದ್ದೆ ಇದ್ದರೆ ಸಾಕು, ಪುಡಿ ಅಂಟಿಕೊಂಡು ಹೋಗುತ್ತದೆ.

ಪ್ರೇಮ

ಕುಣಿತದ ಮನೆಯ ಹುಡುಗಿ, ಪೆದ್ದ ಗಣಿಗಾರ: ಈ ಜೋಡಿ ಸವೆದುಹೋಗಿದೆ. ಅದಕ್ಕಿಂತ ಒಳ್ಳೆಯ ಎರಡು ಎಳೆಗಳಿವೆ. ಐರ್ಲೆಂಡ್‌ನಲ್ಲಿ ಹುಟ್ಟಿದ ಬೆಲಿಂಡಾ ಮುಲ್ರೂನಿ ಬಟ್ಟೆ, ಬಿಸಿನೀರಿನ ಚೀಲ ಮಾರಿ ಮೊದಲ ಲಾಭ ಕಂಡು, ಆಮೇಲೆ ಹೋಟೆಲುಗಳನ್ನೇ ಕಟ್ಟಿದಳು. ಅಷ್ಟು ಲೆಕ್ಕ ಬಲ್ಲವಳು 1900ರಲ್ಲಿ ಮದುವೆಯಾದದ್ದು ತಾನು ಕೌಂಟ್, ಅಂದರೆ ಯುರೋಪಿನ ಸಿರಿವಂತ ಮನೆತನದ ಬಿರುದಿನವನು, ಎಂದು ಹೇಳಿಕೊಂಡು ಬಂದ ಶಾಂಪೇನ್ ಮಾರಾಟಗಾರನನ್ನು. ಬೇರೆಯವರ ಪುಡಿಯನ್ನು ಪರೀಕ್ಷಿಸಬಲ್ಲ ಹೆಂಗಸು ಈ ಒಬ್ಬನನ್ನು ಯಾಕೆ ಪರೀಕ್ಷಿಸಲಿಲ್ಲ? ಅಲ್ಲಿಂದ ಶುರು ಮಾಡಿ.

ಇನ್ನೊಂದು ಕಾರ್ಮ್ಯಾಕ್‌ನ ಹೆಂಡತಿ ಕೇಟ್‌ಳದು. ಸ್ಕೂಕಮ್ ಜಿಮ್‌ನ ತಂಗಿ ಆಕೆ, ಟ್ಯಾಗಿಶ್ ಹೆಸರು ಶಾ ತ್ಲಾ. ಗಣಿಗಾರರ ಬಟ್ಟೆ ಒಗೆದು, ಚರ್ಮದ ಪಾದರಕ್ಷೆ ಹೊಲಿದು ಮಾರಿ ಬಿಡಾರ ನಡೆಸಿದಳು. ಹಣ ಬಂದ ಮೇಲೆ, 1900ರಲ್ಲಿ, ಅವನು ಆಕೆಯನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡ. ಪಾಲು ಕೇಳಲು ಹೋದ ಕೇಟ್‌ಳ ಕೈಯಲ್ಲಿ ಮದುವೆಯ ಕಾಗದ ಇರಲಿಲ್ಲ. ಹಳ್ಳದ 500 ಅಡಿಗೆ ದಾಖಲೆ ಮಾಡಿಸಲು ಓಡಿದ ಮನುಷ್ಯ ಮದುವೆಗೆ ಮಾಡಿಸಿರಲಿಲ್ಲ. ಆಕೆ ಯೂಕಾನ್‌ನ ಕಾರ್‌ಕ್ರಾಸ್ ಊರಿಗೆ ಮರಳಿದಳು, 1920ರಲ್ಲಿ ತೀರಿಕೊಂಡಳು. ಇದನ್ನು ಬರೆಯುವಾಗ ಅಳಿಸುವ ಸಂಭಾಷಣೆ ತುರುಕಬೇಡಿ. ಅವಳು ಹೊಲಿದ ಕೈಗವಸನ್ನು ಅವನು ಮೊದಲ ಅಧ್ಯಾಯದಲ್ಲಿ ತೊಟ್ಟಿರಲಿ, ಕೊನೆಯಲ್ಲಿ ಸಿಯಾಟಲ್‌ನ ಹೋಟೆಲು ಕೋಣೆಯಲ್ಲಿ ಬಿಟ್ಟುಹೋಗಲಿ.

ಮುಗಿಸುವಾಗ ಕಾಲ ನೋಡಿಕೊಳ್ಳಿ. 1899ರ ಏಪ್ರಿಲ್ 26ರಂದು ಡಾಸನ್ ಪೇಟೆಯ ಬಹುಭಾಗ ಸುಟ್ಟುಹೋಯಿತು. ಅದೇ ಬೇಸಿಗೆಯಲ್ಲಿ ಅಲಾಸ್ಕಾದ ನೋಮ್‌ನಲ್ಲಿ ಚಿನ್ನವೆಂಬ ಸುದ್ದಿ ಬಂದು ಸಾವಿರಾರು ಜನ ಊರು ಬಿಟ್ಟರು. ನದಿಯ ಕೆಳಹರಿವಿಗೆ ಹೊರಟ ಹಡಗಿನಲ್ಲಿ ನಿಮ್ಮ ಇಬ್ಬರು ಪಾಲುದಾರರೂ ಇರಬಹುದು, ಒಬ್ಬ ಮುಂದಿನ ತುದಿಯಲ್ಲಿ, ಒಬ್ಬ ಹಿಂದಿನ ತುದಿಯಲ್ಲಿ.