ಹಳೆಯ ಲೈನ್ ಮನೆ ಕೆಡವಿದ ಜಾಗದಲ್ಲಿ ಹೊಸದು ಕಟ್ಟುವುದು ಹೇಗೆ?

ಕೊಡಗಿನ ದೊಡ್ಡ ಕಾಫಿ ತೋಟಗಳಲ್ಲಿ ಕಾರ್ಮಿಕರಿಗೆ ಮನೆ ಒದಗಿಸುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕರ ಹೊಣೆ. ಹಳೆಯ ಲೈನ್ ಮನೆಗಳು, ಅಂದರೆ ಸಾಲಾಗಿ ಕಟ್ಟಿದ ಕಾರ್ಮಿಕರ ಮನೆಗಳು, ಶಿಥಿಲವಾದಾಗ ಕೆಡವಿ ಅಲ್ಲಿಯೇ ಕಟ್ಟುವವರು ಹೆಚ್ಚು. ರಸ್ತೆ, ನೀರು, ಕರೆಂಟು ಎಲ್ಲವೂ ಇರುವ ಸಮತಟ್ಟು ಜಾಗ ಯಾರಿಗೆ ಬೇಡ? ಆದರೆ ಗುಡ್ಡದಲ್ಲಿ ಸಮತಟ್ಟು ತಾನಾಗಿ ಹುಟ್ಟುವುದು ಅಪರೂಪ. ಹಿಂದೆ ಯಾರೋ ಮೇಲ್ಬದಿಯನ್ನು ಕಡಿದು, ಆ ಮಣ್ಣನ್ನು ಕೆಳಬದಿಗೆ ಎಳೆದಿರುತ್ತಾರೆ. ಅರ್ಧ ಗಟ್ಟಿ ನೆಲ, ಅರ್ಧ ತುಂಬಿದ ಮಣ್ಣು. ಎರಡರ ಮೇಲೂ ನಿಂತ ಮನೆ ಒಂದು ಬದಿಗೆ ಕುಸಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ.

ಆದ್ದರಿಂದ ನಕ್ಷೆಗಿಂತ ಮೊದಲು ಗುಂಡಿ. ಬರೆಯ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಬದಿಯ, ಬುಡದಿಂದ ಕೆಳ ಅಂಚಿನವರೆಗೆ ಮೂರು ನಾಲ್ಕು ಕಡೆ ಜೆಸಿಬಿಯಿಂದ ತೋಡಿಸಿ, ಮೇಲಿನಿಂದಲೇ ನೋಡಿ. ಆಳದ ಗುಂಡಿಗೆ ಯಾರನ್ನೂ ಇಳಿಸಬೇಡಿ. ಹೆಂಚಿನ ಚೂರು, ಇದ್ದಿಲು, ಪ್ಲಾಸ್ಟಿಕ್ ಕಂಡರೆ ಅದು ತುಂಬಿದ ಮಣ್ಣು. ಹಳೆಯ ಶೌಚಾಲಯದ ಗುಂಡಿಗಳು ಎಲ್ಲಿದ್ದವೆಂದು ತೋಟದ ಹಿರಿಯ ಕಾರ್ಮಿಕರನ್ನು ಕೇಳಿ. ಸಿಕ್ಕಿದ ಗುಂಡಿಯನ್ನು ಪೂರ್ತಿ ಬರಿದುಮಾಡಿ, ಅರ್ಧ ಅಡಿಯ ಪದರಗಳಲ್ಲಿ ಮಣ್ಣು ಹಾಕಿ ದಮ್ಮಸು ಮಾಡಬೇಕು. ಅದರ ಮೇಲೆ ಗೋಡೆ ಮಾತ್ರ ಬರಕೂಡದು.

ಮನೆಗಳ ಸಾಲು ಇಳಿಜಾರಿಗೆ ಅಡ್ಡಲಾಗಿ, ಉದ್ದವಾಗಿ, ಕಿರಿದಾಗಿ ಇರಲಿ. ತುಂಬಿದ ಭಾಗ ಬಟ್ಟೆ ಒಣಗಿಸುವ ಅಂಗಳವಾಗಲಿ. ಸಾಲು ಅಲ್ಲಿಗೂ ಚಾಚಿದರೆ ತಳಪಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಮೂಲ ನೆಲಕ್ಕೆ ಮುಟ್ಟಿಸಿ. ಪ್ರತಿ ಮೆಟ್ಟಿಲಿನ ತಳವೂ ಮಟ್ಟವಾಗಿರಬೇಕು. ಮೇಲೆ ಸುತ್ತಲೂ ಪ್ಲಿಂತ್ ಬೀಮ್, ಅಂದರೆ ತಳಪಾಯವನ್ನು ಒಟ್ಟಿಗೆ ಬಿಗಿಯುವ ಕಾಂಕ್ರೀಟ್ ತೊಲೆ. ಮನೆಯ ಹಿಂದೆ ಬರೆಯ ಎತ್ತರದಷ್ಟಾದರೂ ಅಂತರ ಬಿಡುವುದು ಲೇಸು. ಜಾಗವಿಲ್ಲವೆಂದು ಬರೆಯನ್ನು ಇನ್ನಷ್ಟು ಕಡಿದು ಮಣ್ಣನ್ನು ಕೆಳಗೆ ತಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂತರ ಸಾಲದಿದ್ದರೆ ಎಂಜಿನಿಯರ್ ವಿನ್ಯಾಸ ಮಾಡಿದ ತಡೆಗೋಡೆ ಬೇಕು. ನೀರು ಹೊರಬರಲೆಂದು ಗೋಡೆಯಲ್ಲಿ ಪೈಪಿನ ತುಂಡುಗಳನ್ನು ಇಟ್ಟು, ಹಿಂದೆ ಬರೀ ಮಣ್ಣು ತುಂಬುವ ಗುತ್ತಿಗೆದಾರರಿದ್ದಾರೆ. ಎರಡೇ ಮಳೆಗಾಲದಲ್ಲಿ ಆ ಪೈಪುಗಳು ಕಟ್ಟಿಕೊಳ್ಳಬಹುದು. ನಿಂತ ನೀರಿನ ಭಾರ ಗೋಡೆಯನ್ನು ಮುಂದಕ್ಕೆ ದೂಡುತ್ತದೆ. ಹಿಂದೆ ಜಲ್ಲಿ, ಅದಕ್ಕೂ ಮಣ್ಣಿಗೂ ನಡುವೆ ಫಿಲ್ಟರ್ ಬಟ್ಟೆ ಹಾಕುವಾಗ ನೀವೇ ಎದುರು ನಿಲ್ಲಿ.

ಬರೆಯ ತಲೆಯ ಮೇಲೆ ಕಾಂಕ್ರೀಟ್ ಚರಂಡಿ ಮಾಡಿ, ಮಳೆನೀರನ್ನು ಪಕ್ಕದ ತೋಡಿಗೆ (ಹಳ್ಳಕ್ಕೆ) ಒಯ್ಯಿರಿ. ಕಾಫಿ ಗಿಡಗಳಿಗೆ ಒಳ್ಳೆಯದೆಂದು ತೋಡಿದ, ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿಗಳು ಮನೆಗಳ ನೇರ ಮೇಲ್ಭಾಗದಲ್ಲಿದ್ದರೆ ಮುಚ್ಚಿಬಿಡಿ. ಬಚ್ಚಲಿನ ಇಂಗುಗುಂಡಿಯೂ ತುಂಬಿದ ಮಣ್ಣಿನ ಅಂಚಿನಲ್ಲಿ ಬೇಡ.

ಮಣ್ಣಿನ ಕೆಲಸ ಜೂನ್‌ಗೆ ಮೊದಲೇ ಮುಗಿಯಬೇಕು. ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ತಡೆಗೋಡೆಯ ಪೈಪುಗಳನ್ನು ನೋಡಿ. ತಿಳಿನೀರು ಬಂದರೆ ಸರಿ. ಕೆಂಪು ನೀರು ಬಿಡದೆ ಬರುತ್ತಿದ್ದರೆ ಹಿಂದಿನ ಮಣ್ಣು ಜಾರಿಹೋಗುತ್ತಿದೆ. ದಿನವಿಡೀ ಸುರಿದರೂ ಒಂದು ಹನಿ ಬರದಿದ್ದರೆ ಪೈಪು ಕಟ್ಟಿಕೊಂಡಿರಬಹುದು. ಮಳೆ ನಿಲ್ಲಲೆಂದು ಕಾಯದೆ ಎಂಜಿನಿಯರನ್ನು ಕರೆಸಿ.