ಇಳಕಲ್ ಸೀರೆಯ ಕೆಂಪು ಪ್ರಿಂಟಿನಲ್ಲೂ ಬರಬೇಕಾದರೆ

ಮನೆಯಲ್ಲಿ ತೆಗೆದ ಪ್ರಿಂಟ್ ಕಪ್ಪಾಗಿ ಬಂದರೆ ಎಲ್ಲರೂ ಮೊದಲು ಪ್ರಿಂಟರನ್ನು ಬೈಯುತ್ತಾರೆ. ಆಮೇಲೆ ಇಂಕನ್ನು. ನಾನು ನೋಡಿದ ಮಟ್ಟಿಗೆ ಬಹಳಷ್ಟು ಸಲ ತಕರಾರು ಇರುವುದು ಮಾನಿಟರಿನ ಬೆಳಕಿನಲ್ಲಿ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ವೈನಿ, ಅಂದರೆ ಅತ್ತಿಗೆ, ಮನೆಯಿಂದಲೇ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತಾರೆ. ಮೊಬೈಲಿನಲ್ಲಿ ನೋಡಲು ಒಲ್ಲೆ ಎನ್ನುವ ಹಿರಿಯ ಗಿರಾಕಿಗಳಿಗೆ ಆಲ್ಬಮ್ ಬೇಕು. ಅದರ ಫೋಟೊ, ಪ್ರಿಂಟ್ ಎರಡೂ ನನ್ನ ಪಾಲಿಗೆ ಬಂದಿವೆ. ಮನೆಯವರ ಫೋಟೊದಲ್ಲಿ ಬಣ್ಣ ಕೊಂಚ ಆಚೀಚೆ ಆದರೆ ನಡೆಯುತ್ತದೆ. ಇಲ್ಲಿ ಹಾಗಲ್ಲ, ಫೋಟೊದ ಕೆಂಪು ಒಂದು, ಸೀರೆಯ ಕೆಂಪು ಇನ್ನೊಂದು ಆದರೆ ಸೀರೆ ವಾಪಸ್ ಬರುತ್ತದೆ. "ಯಾಕೋ ತಮ್ಮಾ, ಸೀರಿ ಹೊಲಸ ಆದಂಗ ಕಾಣತೈತಲ್ಲೋ" ಅಂತ ವೈನಿ ಅಂದ ಮೇಲೆ ಸುಮ್ನೆ ಕೂರುವಂತಿರಲಿಲ್ಲ.

ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಸಾಮಾನ್ಯ ಮಾನಿಟರನ್ನು ಪೂರ್ತಿ ಏರಿಸಿದರೆ ಅದರ ಬೆಳಕು ಚದರ ಮೀಟರಿಗೆ 250 ಕ್ಯಾಂಡೆಲಾ ಆಸುಪಾಸು ಇರುತ್ತದೆ. ಪ್ರಿಂಟಿಗೆ ಹೊಂದಿಸಲು ಬೇಕಿರುವುದು 80ರಿಂದ 120. 250ರಷ್ಟು ಬೆಳಕಿನ ಪರದೆಯಲ್ಲಿ ಚೆಂದ ಕಂಡ ಚಿತ್ರ ಕಾಗದದ ಮೇಲೆ ಕಪ್ಪಾಗದೆ ಇನ್ನೇನಾಗುತ್ತದೆ? ಅಳೆಯುವ ಸಾಧನ ಇಲ್ಲದಿದ್ದರೂ ಒಂದು ಉಪಾಯವಿದೆ. ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಪ್ರಿಂಟ್ ನೋಡುವ ಜಾಗದ ಬೆಳಕಿನಲ್ಲೇ ಖಾಲಿ ಫೋಟೊ ಪೇಪರನ್ನು ಅದರ ಪಕ್ಕ ಹಿಡಿಯಿರಿ. ಎರಡೂ ಒಂದೇ ಸಮ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಮೊದಲೊಂದಿಷ್ಟು ದಿನ ಪರದೆ ಮಂಕು ಅನ್ನಿಸುತ್ತದೆ, ಆಮೇಲೆ ಕಣ್ಣಿಗೆ ರೂಢಿಯಾಗುತ್ತದೆ. ಜೊತೆಗೆ ನೈಟ್ ಲೈಟ್, ವಿವಿಡ್ ಮೋಡ್, ಆಟೊ ಬ್ರೈಟ್‌ನೆಸ್ ಎಲ್ಲ ಆಫ್ ಮಾಡಬೇಕು. ಬಣ್ಣದ ತಾಪಮಾನ 6500 ಕೆಲ್ವಿನ್, ಗಾಮಾ (ಮಧ್ಯದ ಛಾಯೆಗಳು ಎಷ್ಟು ತಿಳಿಯಾಗಿ ಕಾಣಬೇಕು ಎನ್ನುವ ಸೆಟ್ಟಿಂಗ್) 2.2 ಇಡಬೇಕು. ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಯಾರಾದರೂ ಗೆಳೆಯರ ಹತ್ತಿರ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲಸ ಮುಗಿಯುತ್ತದೆ.

ಇನ್ನು ನೋಡುವ ಬೆಳಕು. ಹಳದಿ ಬಲ್ಬಿನ ಕೆಳಗೆ ಹಿಡಿದು "ಪ್ರಿಂಟ್ ಹಳದಿ ಆಯ್ತು" ಅನ್ನುವುದರಲ್ಲಿ ಅರ್ಥವಿಲ್ಲ, ಅಲ್ವಾ? ಬಟ್ಟೆಯ ಬಣ್ಣ, ಇಂಕಿನ ಬಣ್ಣ ಎರಡೂ ಹಗಲಿನಲ್ಲಿ ಒಂದೇ ಕಂಡು ಬಲ್ಬಿನ ಕೆಳಗೆ ಬೇರೆಯಾಗುವುದೂ ಉಂಟು. ಹಾಗಾಗಿ ನಾನು ಉತ್ತರದ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಸೀರೆಯನ್ನೂ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಪ್ರಿಂಟ್ ತೆಗೆದ ಕೂಡಲೇ ತೀರ್ಪು ಕೊಡುವುದಿಲ್ಲ. ಇಂಕ್ ಒಣಗುತ್ತ ಬಣ್ಣ ಸ್ವಲ್ಪ ಬದಲಾಗುತ್ತದೆ.

ಬಣ್ಣ ತಿದ್ದುವ ಕೆಲಸ ಒಬ್ಬರೇ ಮಾಡಬೇಕು. ಫೋಟೊ ತಿದ್ದುವ ತಂತ್ರಾಂಶವೂ ತಿದ್ದಿ, ಪ್ರಿಂಟರನ್ನು ನಡೆಸುವ ಡ್ರೈವರ್ ತಂತ್ರಾಂಶವೂ ತಿದ್ದಿದರೆ, ಅತ್ತೆ ಹಾಕಿದ ಸಾರಿಗೆ ಸೊಸೆಯೂ ಉಪ್ಪು ಹಾಕಿದಂತೆ. ನನ್ನದು ಆರು ಬಣ್ಣದ ಎಪ್ಸನ್ ಎಲ್805. ಪೇಪರಿನ ಐಸಿಸಿ ಪ್ರೊಫೈಲ್ (ಆ ಪೇಪರಿನಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಇದ್ದಾಗ ಚಿತ್ರವನ್ನು ಫೋಟೊ ತಿದ್ದುವ ಜಿಂಪ್‌ನಲ್ಲೇ ಆ ಪ್ರೊಫೈಲಿಗೆ ಬದಲಿಸಿ, ಡ್ರೈವರಿನಲ್ಲಿ ಬಣ್ಣ ಹೊಂದಿಸುವುದನ್ನು ಪೂರ್ತಿ ಆಫ್ ಮಾಡುತ್ತೇನೆ. ಅಗ್ಗದ ಪೇಪರಿಗೆ ಪ್ರೊಫೈಲ್ ಸಿಗುವುದಿಲ್ಲ. ಆಗ ಬಣ್ಣದ ಹೊಣೆ ಪೂರ್ತಿ ಡ್ರೈವರಿಗೇ ಬಿಡುತ್ತೇನೆ. ಪೇಪರ್ ಯಾವುದು ಅಂತ ಡ್ರೈವರಿಗೆ ಸರಿಯಾಗಿ ಹೇಳುವುದು ಮಾತ್ರ ಮರೆಯಬಾರದು. ಗ್ಲಾಸಿ ಇಟ್ಟು ಪ್ಲೇನ್ ಪೇಪರ್ ಅಂದರೆ ಇಂಕಿನ ಲೆಕ್ಕವೇ ತಪ್ಪುತ್ತದೆ.

ಇಷ್ಟೆಲ್ಲ ಆದರೂ ಸೆರಗಿನ ಕೆಂಪು ಕಾಡುತ್ತಿತ್ತು. ಫೋಟೊ ದೊಡ್ಡದು ಮಾಡಿ ನೋಡಿದರೆ ಎಳೆಗಳೇ ಇಲ್ಲ, ಬಣ್ಣ ಬಳಿದ ಗೋಡೆ! ಫೋಟೊದ ಬೆಳಕು ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಹಸಿರು, ನೀಲಿ ಸರಿಯಾಗಿದ್ದವು. ಕೆಂಪು ಮಾತ್ರ ಅದರ ಕೊನೆಯ ಅಂಕಿ 255ಕ್ಕೆ ಹೋಗಿ ಬಲಗಡೆ ಗೋಡೆಗೆ ಅಂಟಿತ್ತು. ಅಲ್ಲಿ ಕಳೆದುಹೋದ ನೇಯ್ಗೆಯನ್ನು ಯಾವ ಪ್ರಿಂಟರೂ ತಂದುಕೊಡುವುದಿಲ್ಲ. ಈಗ ಸೆರಗು ತೆಗೆಯುವಾಗ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಮುಕ್ಕಾಲು ಸ್ಟಾಪಿನಷ್ಟು ಇಳಿಸುತ್ತೇನೆ, ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದು ಆಮೇಲೆ ಮಧ್ಯದ ಛಾಯೆಗಳನ್ನು ಎತ್ತುತ್ತೇನೆ. ಕೆಂಪು ನೆಲದ ಮೇಲಿನ ಬಿಳಿ ತೇರು, ಅದರ ಅಂಚಿನ ಎಳೆ ಎಲ್ಲ ಕಾಣತೊಡಗಿದವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಇದೇ.

ಪೂರ್ತಿ ಹಾಳೆ ತೆಗೆಯುವ ಮೊದಲು ಒಂದು 4x6 ಪೇಪರಿನಲ್ಲಿ ಸೆರಗಿನ ಅದೇ ತುಣುಕನ್ನು ಬೇರೆಬೇರೆ ಬ್ರೈಟ್‌ನೆಸ್ ಕೊಟ್ಟು ಸಾಲಾಗಿ ಪ್ರಿಂಟ್ ತೆಗೆಯುತ್ತೇನೆ. ಒಪ್ಪಿದ್ದರ ಹಿಂದೆ ಪೇಪರಿನ ಹೆಸರು, ಸೆಟ್ಟಿಂಗ್ ಬರೆದಿಡುತ್ತೇನೆ. ನಮ್ಮೂರಿನ ಬೇಸಿಗೆಗೆ ಪ್ರಿಂಟರಿನ ಇಂಕ್ ಚಿಮ್ಮುವ ಹೆಡ್ ಬೇಗ ಒಣಗುತ್ತದೆ. ಕೆಲಸ ಇರಲಿ ಬಿಡಲಿ, ವಾರಕ್ಕೊಂದು ಬಣ್ಣದ ಪುಟ ಹೊಡೆಸಬೇಕು. ಆಲ್ಬಮ್ ಶುರು ಮಾಡುವ ಮುಂಚೆ ಹೆಡ್ಡಿನ ತೂತು ಕಟ್ಟಿದೆಯಾ ಎಂದು ನೋಡುವ ನಾಜಲ್ ಚೆಕ್ ತಪ್ಪಿಸುವುದಿಲ್ಲ. ಒಂದು ಬಣ್ಣ ಅರ್ಧ ಕಟ್ಟಿಕೊಂಡಿದ್ದರೆ ಮೇಲಿನ ಕಸರತ್ತೆಲ್ಲ ವ್ಯರ್ಥ.

ಖಣದ ಕೆಲವು ಬಣ್ಣ ಮಾತ್ರ ಏನು ಮಾಡಿದರೂ ಬರುವುದಿಲ್ಲ. ಗಿಳಿ ಹಸಿರು, ಮಿಂಚುವ ರಾಣಿ ಬಣ್ಣ ಇಂಕಿನ ಹರವಿನಿಂದ ಆಚೆಗೆ ಬೀಳುತ್ತವೆ. ಪ್ರಿಂಟ್ ಹೇಗೆ ಬರುತ್ತದೆ ಎಂದು ಮೊದಲೇ ತೋರಿಸುವ ಸಾಫ್ಟ್ ಪ್ರೂಫ್ ಹಾಕಿದರೆ ಪರದೆಯಲ್ಲೇ ಅವು ಸಪ್ಪಗಾಗುವುದು ಕಾಣುತ್ತದೆ. ಸ್ಯಾಚುರೇಶನ್ ಏರಿಸಿದರೆ ಇದ್ದ ನೇಯ್ಗೆಯೂ ಮುಚ್ಚಿಹೋಗುತ್ತದೆ. ಅಂಥ ಪುಟಗಳಲ್ಲಿ ವೈನಿ ಫೋಟೊದ ಪಕ್ಕ ಖಣದ ಒಂದು ತುಂಡನ್ನೇ ಪಿನ್ ಹೊಡೆದು ಇಡುತ್ತಾರೆ.